ಕನಿಷ್ಠ ಮೊತ್ತ ಕಟ್ಟುತ್ತಲೇ ಸಾಲದಲ್ಲಿ ಸಿಲುಕಿದ್ದೆ

ಪದವಿಯ ಮೂರನೆಯ ವರ್ಷ ಆರಂಭವಾಗುವ ವೇಳೆಗೆ ನನ್ನ ಎರಡು ಕ್ರೆಡಿಟ್ ಕಾರ್ಡ್‌ಗಳ ಬಾಕಿ ಸೇರಿ, ಅರೆಕಾಲಿಕ ಕೆಲಸದಿಂದ ನಾನು ಗಳಿಸುತ್ತಿದ್ದ ತಿಂಗಳ ಸಂಬಳದ 6 ಪಟ್ಟಾಗಿತ್ತು. ದೊಡ್ಡ ಖರೀದಿ ಎಂದು ಹೇಳಬಹುದಾದದ್ದು ಒಂದು ಲ್ಯಾಪ್‌ಟಾಪ್ ಮಾತ್ರ. ಉಳಿದದ್ದೆಲ್ಲ ಪುಸ್ತಕ, ಪ್ರಯಾಣ, ಪರೀಕ್ಷಾ ಶುಲ್ಕ, ಗೆಳೆಯರೊಂದಿಗಿನ ಊಟ ಎಂದು ಚೂರುಚೂರಾಗಿ ಸೇರಿಕೊಂಡದ್ದು. ಒಂದೇ ಒಂದು ತಿಂಗಳೂ ನಾನು ಬಿಲ್ ಕಟ್ಟದೆ ಬಿಟ್ಟಿರಲಿಲ್ಲ ಎಂಬ ಹೆಮ್ಮೆ ಬೇರೆ ಇತ್ತು. ಸ್ಟೇಟ್‌ಮೆಂಟಿನಲ್ಲಿ ‘ಮಿನಿಮಮ್ ಡ್ಯೂ’ ಎಂದು ನಮೂದಾಗಿರುತ್ತಿದ್ದ ಮೊತ್ತವನ್ನು ತಪ್ಪದೆ ಕಟ್ಟುತ್ತಿದ್ದೆ.

ಆದರೂ ಬಾಕಿ ಏಕೆ ಇಳಿಯುತ್ತಿಲ್ಲ ಎಂದು ಒಂದು ರಾತ್ರಿ ಕಾಗದ, ಪೆನ್ನು ಹಿಡಿದು ಕುಳಿತೆ. ದುಬಾರಿಯಾಗಿದ್ದ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3, ಕೇಳುವಾಗ ಅಲ್ಪವೆನಿಸಿದರೂ ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ ಅದು ಶೇ. 42ನ್ನು ದಾಟುತ್ತದೆ. ಕಟ್ಟಬೇಕಾದ ಕನಿಷ್ಠ ಮೊತ್ತ ಒಟ್ಟು ಬಾಕಿಯ ಶೇ. 5. ಬಾಕಿ 100 ಎಂದಿಟ್ಟುಕೊಂಡರೆ ಮೊದಲ ತಿಂಗಳು ಬಡ್ಡಿ ಸೇರಿ 103 ಆಗುತ್ತದೆ, ಅದರಲ್ಲಿ ಕಟ್ಟುವುದು 5.15, ಉಳಿಯುವುದು 97.85. ಹೀಗೆಯೇ 12 ತಿಂಗಳು ಲೆಕ್ಕ ಹಾಕಿದಾಗ, ಹೊಸದಾಗಿ ಏನನ್ನೂ ಕೊಳ್ಳದಿದ್ದರೂ, ನಾನು ಕಟ್ಟಿದ್ದು ಸುಮಾರು 55, ಅಸಲಿನಲ್ಲಿ ಕರಗಿದ್ದು 23 ಮಾತ್ರ. ಸಾಲ ಅರ್ಧಕ್ಕಿಳಿಯಲು 32 ತಿಂಗಳು ಬೇಕಿತ್ತು. ಅಷ್ಟರಲ್ಲಿ ನನ್ನ ಪದವಿಯೇ ಮುಗಿದುಹೋಗಿರುತ್ತಿತ್ತು. ಕನಿಷ್ಠ ಮೊತ್ತ ಕಟ್ಟುವುದರಿಂದ ತಡಪಾವತಿಯ ದಂಡ ತಪ್ಪುತ್ತದೆಯೇ ಹೊರತು ಬಡ್ಡಿಯಲ್ಲ ಎಂಬುದು ಅಂದು ಅರ್ಥವಾಯಿತು.

ಅದಕ್ಕಿಂತ ತಡವಾಗಿ ತಿಳಿದದ್ದು ಇನ್ನೊಂದು ಸಂಗತಿ. ಹಿಂದಿನ ಬಿಲ್ಲನ್ನು ಪೂರ್ತಿ ತೀರಿಸದೆ ಬಾಕಿ ಉಳಿಸಿಕೊಂಡರೆ, ಸಾಮಾನ್ಯವಾಗಿ ಸಿಗುವ ಬಡ್ಡಿರಹಿತ ಅವಧಿ ಹೊಸ ಖರೀದಿಗಳಿಗೂ ಇಲ್ಲವಾಗಿ, ಕೊಂಡ ದಿನದಿಂದಲೇ ಅವುಗಳ ಮೇಲೆ ಬಡ್ಡಿ ಓಡತೊಡಗುತ್ತದೆ. ಅಂದರೆ ಸಾಲವಿರುವ ಕಾರ್ಡಿನಲ್ಲಿ ಒಂದು ನೋಟ್‌ಬುಕ್ ಕೊಂಡರೂ ಅದು ಬಡ್ಡಿಯ ನೋಟ್‌ಬುಕ್ಕೇ. ಹೀಗಾಗಿ ಎರಡೂ ಕಾರ್ಡ್‌ಗಳನ್ನು ಅಕ್ಕನ ಕೈಗೆ ಕೊಟ್ಟೆ. ಸಾಲದ ವಿಷಯ ಮನೆಯಲ್ಲಿ ಮೊದಲು ಬಾಯಿಬಿಟ್ಟದ್ದು ಅವಳ ಬಳಿಯೇ. “ಇಷ್ಟು ದಿನ ಒಬ್ಬನೇ ಬಡ್ಡಿ ಕಟ್ಟುತ್ತಾ ಕೂತಿದ್ದೆಯಾ?” ಎಂದಷ್ಟೇ ಕೇಳಿದಳು. ಆನ್‌ಲೈನ್ ತಾಣಗಳಲ್ಲಿ ಉಳಿಸಿಟ್ಟಿದ್ದ ಕಾರ್ಡಿನ ವಿವರಗಳನ್ನು ಅಂದೇ ಅಳಿಸಿದೆ; ಹಾಗೆ ಅಳಿಸುವಾಗ, ಮರೆತೇಹೋಗಿದ್ದ ಎರಡು ಚಂದಾಗಳಿಗೆ ತಿಂಗಳು ತಿಂಗಳೂ ಹಣ ಕಡಿತವಾಗುತ್ತಿದ್ದುದು ಪತ್ತೆಯಾಯಿತು.

ಬ್ಯಾಂಕಿಗೆ ಕರೆ ಮಾಡಲು ಒಂದು ವಾರ ಹಿಂಜರಿದಿದ್ದೆ. ಸಾಲ ತೀರಿಸುವ ಮನಸ್ಸಿದೆ, ಇಷ್ಟು ಆದಾಯವಿದೆ, ಬಾಕಿಯನ್ನು ಕಡಿಮೆ ಬಡ್ಡಿಯ ಮಾಸಿಕ ಕಂತುಗಳಾಗಿ ಬದಲಿಸಲು ಸಾಧ್ಯವೇ ಎಂದು ನೇರವಾಗಿ ಕೇಳಿದಾಗ ಒಂದು ಬ್ಯಾಂಕ್ ಒಪ್ಪಿತು, ಇನ್ನೊಂದು ಒಪ್ಪಲಿಲ್ಲ. ಒಪ್ಪಿದ ಬ್ಯಾಂಕಿನವರನ್ನು ಸಂಸ್ಕರಣಾ ಶುಲ್ಕವೆಷ್ಟು, ಅವಧಿಗೆ ಮೊದಲೇ ತೀರಿಸಿದರೆ ದಂಡವಿದೆಯೇ ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಂಡ ಬಳಿಕವೇ ಸಮ್ಮತಿ ಕೊಟ್ಟೆ. ಒಪ್ಪದಿದ್ದ ಬ್ಯಾಂಕಿನದ್ದೇ ಶೇ. 3 ಬಡ್ಡಿಯ ಕಾರ್ಡ್ ಆದ್ದರಿಂದ, ಕಂತು ಕಟ್ಟಿ ಮಿಕ್ಕ ಹಣವೆಲ್ಲ ಅದಕ್ಕೇ ಹೋಯಿತು. ಚಿಕ್ಕ ಬಾಕಿಯನ್ನು ಮೊದಲು ತೀರಿಸಿದರೆ ಉತ್ಸಾಹ ಬರುತ್ತದೆ ಎನ್ನುವವರಿದ್ದಾರೆ. ನನಗೆ ಮಾತ್ರ ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸುವುದೇ ಸರಿಯೆನಿಸಿತು.

ಕಾರ್ಡಿನ ಬಡ್ಡಿಯನ್ನು ದಿನದ ಬಾಕಿಯ ಮೇಲೆ ಎಣಿಸುವುದರಿಂದ, ಕೊನೆಯ ದಿನಾಂಕದವರೆಗೆ ಕಾಯುವುದನ್ನು ಬಿಟ್ಟು ಸಂಬಳ ಬಂದ ದಿನವೇ ಅದರ ಅರ್ಧವನ್ನು ಕಟ್ಟತೊಡಗಿದೆ. ಇದರಿಂದ ಉಳಿತಾಯವಾದ ಬಡ್ಡಿ ಹೆಚ್ಚೇನಲ್ಲ. ಆದರೆ ಖಾತೆಯಲ್ಲಿ ಇಲ್ಲದ ಹಣವನ್ನು ಖರ್ಚು ಮಾಡಲು ಬರುವುದಿಲ್ಲವಲ್ಲ! ರಜೆಯಲ್ಲಿ ಪೂರ್ಣಾವಧಿ ದುಡಿದೆ. ಒಮ್ಮೆ ಕೈ ತೀರಾ ಬರಿದಾದಾಗ ಕಾರ್ಡಿನಿಂದ ನಗದು ತೆಗೆಯುವ ಯೋಚನೆ ಬಂದಿತ್ತು. ನಗದಿಗೆ ಶುಲ್ಕವೂ ಉಂಟು, ತೆಗೆದ ದಿನದಿಂದಲೇ ಬಡ್ಡಿಯೂ ಉಂಟು ಎಂದು ಓದಿದ ಮೇಲೆ ಅಕ್ಕನಿಂದಲೇ ಕೈಗಡ ಪಡೆದೆ.

ಎಲ್ಲವೂ ತೀರಲು 14 ತಿಂಗಳು ಹಿಡಿಯಿತು. ದುಬಾರಿ ಕಾರ್ಡಿನ ಬಾಕಿಯನ್ನು ಪೂರ್ತಿ ಕಟ್ಟಿ ನಿರಾಳವಾಗಿದ್ದಾಗಲೇ ಮುಂದಿನ ತಿಂಗಳು ಮತ್ತೊಂದು ಚಿಕ್ಕ ಬಿಲ್ ಬಂತು. ಬಿಲ್ ಸಿದ್ಧವಾದ ದಿನಕ್ಕೂ ನಾನು ಹಣ ಕಟ್ಟಿದ ದಿನಕ್ಕೂ ನಡುವಿನ ದಿನಗಳ ಬಡ್ಡಿ ಅದು. ಅದನ್ನು ಗಮನಿಸದೆ ಬಿಟ್ಟಿದ್ದರೆ ತಡಪಾವತಿಯ ದಂಡ ಬೀಳುತ್ತಿತ್ತು. ಅದನ್ನೂ ಕಟ್ಟಿ, ಅದರ ಮುಂದಿನ ಸ್ಟೇಟ್‌ಮೆಂಟಿನಲ್ಲಿ ಸೊನ್ನೆಯನ್ನು ಕಣ್ಣಾರೆ ಕಂಡ ಮೇಲೆಯೇ ಅಕ್ಕನಿಂದ ಒಂದು ಕಾರ್ಡನ್ನು ವಾಪಸು ಪಡೆದೆ.