ದಿನದ ಊಟಕ್ಕೆ ಇಟಲಿಯ ಕೆಂಪು ವೈನ್ ಕೊಳ್ಳುವಾಗ

ಕಡಿಮೆ ಬೆಲೆಯದು ಬೇಕಿದ್ದರೆ ಮೊದಲು 'ಮೊಂಟೆಪುಲ್ಚಾನೊ ದಾಬ್ರುಟ್ಸೊ' ನೋಡಿ. ಹೆಸರಲ್ಲೇ ಹಲವರು ಎಡವುತ್ತಾರೆ: ಇಲ್ಲಿ ಮೊಂಟೆಪುಲ್ಚಾನೊ ಅಂದರೆ ದ್ರಾಕ್ಷಿ ತಳಿ, ಕನಿಷ್ಠ ಶೇ 85ರಷ್ಟು ಅದೇ ಇರಬೇಕು. 'ವೀನೊ ನೋಬಿಲೆ ದಿ ಮೊಂಟೆಪುಲ್ಚಾನೊ' ಎಂಬ ಬೇರೆ ವೈನಿನ ಹೆಸರಲ್ಲಿ ಅದು ಇಟಲಿಯ ಟಸ್ಕನಿ ಪ್ರಾಂತ್ಯದ ಒಂದು ಊರು. ಅದರ ದ್ರಾಕ್ಷಿ ಮುಖ್ಯವಾಗಿ ಸಾಂಜೊವೇಸೆ ತಳಿ, ಬೆಲೆಯೂ ಸಾಮಾನ್ಯವಾಗಿ ಹೆಚ್ಚು.

ಟೊಮೆಟೊ ಸಾಸಿನ ಪಾಸ್ತಾ ಇದ್ದರೆ ನನ್ನ ಮತ 'ಬಾರ್ಬೆರಾ ದಾಸ್ತಿ' ಎಂಬ ವೈನಿಗೆ. ಹುಳಿ ಜಾಸ್ತಿ, ಒಗರು ಕಡಿಮೆ, ಹಾಗಾಗಿ ಟೊಮೆಟೊ ಹುಳಿಯೆದುರು ಸಪ್ಪೆಯಾಗುವುದಿಲ್ಲ.

ಇಂಥವನ್ನು ವರ್ಷಗಟ್ಟಲೆ ಕೂಡಿಡಬೇಡಿ, ಹಣ್ಣಿನ ಘಮ ಹೋಗುತ್ತದೆ. 28 ಡಿಗ್ರಿ ಕೋಣೆಯಲ್ಲಿದ್ದ ಬಾಟಲಿಯಿಂದ ಹಾಗೇ ಸುರಿದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಸುಮಾರು ಒಂದೂವರೆ ಗಂಟೆ ಫ್ರಿಜ್ಜಿನಲ್ಲಿಟ್ಟು 16–18 ಡಿಗ್ರಿಗೆ ಇಳಿಸಿ. ಉಳಿದದ್ದಕ್ಕೆ ಬಿಗಿಯಾಗಿ ಬಿರಡೆ ಹಾಕಿ ಫ್ರಿಜ್ಜಿನಲ್ಲೇ ಇಟ್ಟು ಮೂರು ದಿನದಲ್ಲಿ ಮುಗಿಸಿ.