ಮೊದಲು ಲೆನ್ಸ್, ಆಮೇಲೆ ಬಾಡಿ: ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಕ್ಯಾಮೆರಾ ಆರಿಸುವ ಬಗೆ

ಅಂಗಡಿಗೆ ಹೋದವರು ಮೊದಲು ಕೇಳುವುದು "ಯಾವ ಬಾಡಿ ಚಲೋ ಅದ?" ಅಂತ (ಬಾಡಿ ಎಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ). ಅದಕ್ಕೂ ಮೊದಲು ಮನೆಯಲ್ಲೇ ಕೂತು ಮೂರು ಸಾಲು ಬರೆದುಕೊಳ್ಳಿ: ಏನು ತೆಗೆಯಬೇಕು, ಎಷ್ಟು ದೂರದಿಂದ ತೆಗೆಯಬೇಕು, ಅಲ್ಲಿ ಬೆಳಕು ಎಷ್ಟಿರುತ್ತದೆ. ಈ ಮೂರು ಗೊತ್ತಾದರೆ ಯಾವ ಲೆನ್ಸ್ ಬೇಕು ಎಂಬುದು ಹೊರಬೀಳುತ್ತದೆ. ಆ ಲೆನ್ಸ್ ಕೂರುವ, ನಿಮ್ಮ ದುಡ್ಡಿಗೆ ಸಿಗುವ ಬಾಡಿಗಳು ಮೂರೋ ನಾಲ್ಕೋ ಉಳಿಯುತ್ತವೆ. ಹೋಲಿಕೆ ಅವುಗಳ ನಡುವೆ ಮಾತ್ರ ಸಾಕು. ಬಾಡಿ ಐದಾರು ವರ್ಷಕ್ಕೆ ಹಳತಾಗುತ್ತದೆ, ಒಳ್ಳೆಯ ಲೆನ್ಸ್ ಎರಡು ಮೂರು ಬಾಡಿಗಳನ್ನು ದಾಟಿ ಬಾಳುತ್ತದೆ. ಹಾಗಾಗಿ ಒಟ್ಟು ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಲೆನ್ಸಿಗೆ ಇಡುವುದೇ ಸರಿ.

ದೂರದ ಲೆಕ್ಕ

ಒಂದು ಸಣ್ಣ ಗುಣಾಕಾರ ಸಾಕು. ಬಾಡಿಯೊಳಗೆ ಚಿತ್ರ ಮೂಡುವ ಫಲಕ, ಅಂದರೆ ಸೆನ್ಸರಿನ ಅಗಲವನ್ನು (ಮಿ.ಮೀ.) ನಿಮಗೂ ವಸ್ತುವಿಗೂ ಇರುವ ದೂರದಿಂದ (ಮೀಟರ್) ಗುಣಿಸಿ, ಲೆನ್ಸಿನ ಫೋಕಲ್ ಲೆಂತ್‌ನಿಂದ (ಲೆನ್ಸ್ ಮೇಲೆ ಬರೆದಿರುವ ಮಿ.ಮೀ. ಅಂಕಿ) ಭಾಗಿಸಿ. ಬಂದದ್ದು ಚಿತ್ರದಲ್ಲಿ ಹಿಡಿಯುವ ಅಗಲ, ಮೀಟರಿನಲ್ಲಿ. ಫುಲ್ ಫ್ರೇಮ್ ಎಂಬ ದೊಡ್ಡ ಸೆನ್ಸರಿನ ಅಗಲ 36 ಮಿ.ಮೀ. ಎಪಿಎಸ್-ಸಿ ಎಂದು ಕರೆಯುವ ಸಣ್ಣ ಸೆನ್ಸರ್ ನಿಕಾನ್, ಸೋನಿ, ಫ್ಯೂಜಿಗಳಲ್ಲಿ ಸುಮಾರು 23.5, ಕ್ಯಾನನ್‌ನಲ್ಲಿ ಸುಮಾರು 22.3. ಮೈಕ್ರೋ ಫೋರ್ ಥರ್ಡ್ಸ್ ಆದರೆ 17.3.

ಬೀದರಿನ ಮಹಮೂದ್ ಗವಾನ್ ಮದರಸಾದ ಗೋಡೆಯ ಎದುರು 10 ಮೀಟರ್ ದೂರದಲ್ಲಿ ನಿಂತಿದ್ದೀರಿ ಎಂದಿಟ್ಟುಕೊಳ್ಳಿ. ಬಾಡಿಯ ಜೊತೆಗೇ ಬರುವ 18-55 ಕಿಟ್ ಲೆನ್ಸನ್ನು 18ಕ್ಕೆ ಇಟ್ಟರೆ 23.5ರ ಸೆನ್ಸರಿನಲ್ಲಿ 13 ಮೀಟರ್ ಅಗಲ ಮಾತ್ರ ಬರುತ್ತದೆ. 10 ಮಿ.ಮೀ. ವೈಡ್ ಲೆನ್ಸ್ ಹಾಕಿದರೆ 23.5 ಮೀಟರ್. ಹಿಂದೆ ಸರಿಯಲು ಜಾಗವಿದ್ದರೆ ವೈಡ್ ಕೊಳ್ಳುವ ಅಗತ್ಯವೇ ಇಲ್ಲ. ಕೋಟೆಯೊಳಗಿನ ಸಣ್ಣ ಕೋಣೆಗಳಲ್ಲಿ, ಗುಮ್ಮಟಗಳ ಒಳಗೆ ಆ ಜಾಗ ಇರುವುದಿಲ್ಲ. ಅಷ್ಟೂರಿನ ಅಹಮದ್ ಶಾ ವಲಿ ಗುಮ್ಮಟದ ಒಳಮೈಯ ಬಣ್ಣದ ಚಿತ್ತಾರ ತೆಗೆಯುವವರಿಗೆ 10-18 ತರಹದ ಲೆನ್ಸ್ ಬೇಕೇ ಬೇಕು. ಕ್ಯಾಮೆರಾವನ್ನು ಮೇಲಕ್ಕೆ ಬಗ್ಗಿಸಿದರೆ ವೈಡ್ ಲೆನ್ಸಿನಲ್ಲಿ ಮಿನಾರು ಹಿಂದಕ್ಕೆ ಬಿದ್ದಂತೆ ಕಾಣುತ್ತದೆ. ಅದು ಲೆನ್ಸಿನ ದೋಷವಲ್ಲ. ಕ್ಯಾಮೆರಾ ನೆಟ್ಟಗೆ ಹಿಡಿದು ಕೆಳಗಿನ ನೆಲವನ್ನು ಆಮೇಲೆ ಕತ್ತರಿಸಿದರೆ ನೇರವಾಗುತ್ತದೆ.

ಇದೇ ಲೆಕ್ಕ ತಿರುಗಿಸಿ. ಬೀದರ್ ಸುತ್ತಲಿನ ಹುಲ್ಲುಗಾವಲಿನಲ್ಲಿ 60 ಮೀಟರ್ ದೂರದಲ್ಲಿ 1.2 ಮೀಟರ್ ಉದ್ದದ ಕೃಷ್ಣಮೃಗ ನಿಂತಿದೆ. 400 ಮಿ.ಮೀ. ಲೆನ್ಸಿನಲ್ಲಿ ಅದು ಸೆನ್ಸರಿನ ಮೇಲೆ 8 ಮಿ.ಮೀ. ಉದ್ದ ಮೂಡುತ್ತದೆ. ಸೆನ್ಸರ್ ಯಾವುದೇ ಇರಲಿ, ಆ 8 ಮಿ.ಮೀ. ಬದಲಾಗದು. ಆದರೆ 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಬಾಡಿಯಲ್ಲಿ ಆ ಜಾಗಕ್ಕೆ ಸುಮಾರು 2,040 ಪಿಕ್ಸೆಲ್ ಸಿಗುತ್ತವೆ, 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್‌ನಲ್ಲಿ ಸುಮಾರು 1,330. ಆದ್ದರಿಂದ ಹಕ್ಕಿ, ಪ್ರಾಣಿಗಳಿಗಾಗಿಯೇ ಕೊಳ್ಳುವವರು "ಫುಲ್ ಫ್ರೇಮ್ ಆದ್ರ ಎಲ್ಲಾ ಬರ್ತದ" ಎಂಬ ಮಾತಿಗೆ ಕಿವಿಗೊಡಬೇಡಿ. ಉಳಿದ ಹಣ ಉದ್ದ ಲೆನ್ಸಿಗೆ ಹೋಗಲಿ.

ಉದ್ದ ಲೆನ್ಸಿನಲ್ಲಿ ತೂಕವೂ ನೋಡಿ. ಸಿಗ್ಮಾ 150-600 ಕಂಟೆಂಪರರಿ ಎರಡು ಕಿಲೋ ಹತ್ತಿರ, ಸೋನಿ 200-600 ಎರಡು ಕಿಲೋ ದಾಟುತ್ತದೆ. ಕ್ಯಾನನ್ ಆರ್‌ಎಫ್ 100-400 ಕೇವಲ 635 ಗ್ರಾಂ, ಆದರೆ 400ಕ್ಕೆ ಹೋದಾಗ ಅದರ ಬಾಯಿ ಎಫ್/8, ಅಂದರೆ ಬೆಳಕು ಕಡಿಮೆ ಬಿಡುವ ಸಣ್ಣ ಬಾಯಿ. ಬೋನಾಳ ಕೆರೆಯ ದಂಡೆಯಲ್ಲಿ ಬೆಳಗಿನ ಬಿಸಿಲಿಗೆ ಎಫ್/8 ಸಾಕು, ಸೂರ್ಯ ಹುಟ್ಟುವ ಮೊದಲಿನ ಮಬ್ಬಿಗೆ ಸಾಲದು. ಇನ್ನೊಂದು ಮಾತು: ಏಪ್ರಿಲ್‌ನಲ್ಲಿ ಹನ್ನೊಂದು ಗಂಟೆಯ ಮೇಲೆ ಎರೆ ಹೊಲದಿಂದ ಬಿಸಿಗಾಳಿ ಏಳುತ್ತಿರುತ್ತದೆ. ಆಗ ನೂರು ಮೀಟರ್ ಆಚೆಯ ವಸ್ತು ಎಂಥ ದುಬಾರಿ ಲೆನ್ಸಿನಲ್ಲೂ ಮಸುಕಾಗಿಯೇ ಬರುತ್ತದೆ. ಹೊಸ ಲೆನ್ಸನ್ನು ಮಧ್ಯಾಹ್ನ ಪರೀಕ್ಷಿಸಿ "ಶಾರ್ಪ್ ಇಲ್ಲ" ಎಂದು ವಾಪಸು ಮಾಡುವ ಮೊದಲು ಒಮ್ಮೆ ಬೆಳಿಗ್ಗೆ ಆರೂವರೆಗೆ ತೆಗೆದು ನೋಡಿ.

ಬೆಳಕಿನ ಲೆಕ್ಕ

ಲೆನ್ಸ್ ಮೇಲಿನ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಎಫ್/5.6ರಿಂದ ಎಫ್/2.8ಕ್ಕೆ ಬಂದರೆ ನಾಲ್ಕು ಪಟ್ಟು, ಎಫ್/1.8ಕ್ಕೆ ಬಂದರೆ ಹತ್ತಿರ ಹತ್ತಿರ ಹತ್ತು ಪಟ್ಟು. ಎಫ್/5.6ರ ಕಿಟ್ ಲೆನ್ಸಿನಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಎಂಬ ಅಂಕಿ, ಏರಿಸಿದಷ್ಟೂ ಚಿತ್ರ ಕಾಳುಕಾಳು) 6400 ಬೇಕಾದ ಕಡೆ ಎಫ್/2.8 ಲೆನ್ಸಿಗೆ 1600 ಸಾಕು, ಎಫ್/1.8ಕ್ಕೆ 640 ಸಾಕು. ಎಪಿಎಸ್-ಸಿಯಿಂದ ಫುಲ್ ಫ್ರೇಮ್‌ಗೆ ಹೋದರೆ ಸಿಗುವ ಲಾಭ ಒಂದು ಸ್ಟಾಪ್‌ಗಿಂತ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ತುಸು ಹೆಚ್ಚು. ಹಳೆಯ ಬಾಡಿಗೇ ಒಂದು 50 ಮಿ.ಮೀ. ಎಫ್/1.8 ಹಾಕುವುದು ಬಾಡಿ ಬದಲಿಸುವುದಕ್ಕಿಂತ ಹೆಚ್ಚು ಕೊಡುತ್ತದೆ ಎನ್ನುವುದಕ್ಕೆ ಈ ಅಂಕಿಗಳೇ ಕಾರಣ.

ಆದರೆ ಕತ್ತಲಲ್ಲೂ ಎರಡು ಬಗೆ ಇದೆ: ಅಲುಗದ ವಸ್ತು, ಓಡಾಡುವ ಜನ. ಕಲಬುರಗಿ ಕೋಟೆಯ ಜಾಮಾ ಮಸೀದಿ 1367ರದು. ಒಳಗೆ ತೆರೆದ ಅಂಗಳವಿಲ್ಲ, ಇಡೀ ಕಟ್ಟಡಕ್ಕೆ ಮೇಲ್ಛಾವಣಿ. ಬೆಳಕು ಮುಖ್ಯವಾಗಿ ಅಂಚಿನ ಕಮಾನುಗಳಿಂದ ಬಂದು ನಡುವಿಗೆ ತಲುಪುವಷ್ಟರಲ್ಲಿ ಸೋತಿರುತ್ತದೆ. ಕಮಾನು ಅಲುಗಾಡುವುದಿಲ್ಲವಾದ್ದರಿಂದ ಇಲ್ಲಿ ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಇರುವ ಲೆನ್ಸೋ ಬಾಡಿಯೋ ಇದ್ದರೆ 1/8 ಸೆಕೆಂಡಿನಲ್ಲೂ ಕೈಯಲ್ಲಿ ಹಿಡಿದು ತೆಗೆಯಬಹುದು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕಾಗುವುದರಿಂದ ಇದು ಸಣ್ಣ ಸೌಲಭ್ಯವಲ್ಲ. ಹೊರಗಿನ ಬಿಸಿಲಿಗೂ ಒಳಗಿನ ನೆರಳಿಗೂ ಅಂತರ ಬಹಳ. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲು) ತೆಗೆದು, ಕಮಾನಿನಾಚೆಯ ಬಿಳುಪು ಸುಟ್ಟುಹೋಗದಂತೆ ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ, ನೆರಳನ್ನು ಆಮೇಲೆ ಎತ್ತಿಕೊಳ್ಳಿ.

ಓಡಾಡುವ ಜನರಿಗೆ ಸ್ಟೆಬಿಲೈಸೇಶನ್ ಏನೂ ಮಾಡದು. ಅದು ನಿಮ್ಮ ಕೈ ನಡುಕ ತಡೆಯುತ್ತದೆ, ಅವರ ಚಲನೆಯನ್ನಲ್ಲ. ಶರಣಬಸವೇಶ್ವರರ ತೇರು ಎಳೆಯುವ ಸಂಜೆಗೆ ಶಟರ್ ವೇಗ ಕನಿಷ್ಠ 1/250 ಸೆಕೆಂಡ್ ಬೇಕು. ಜನಜಂಗುಳಿಯಲ್ಲಿ, ಉತ್ತತ್ತಿ ಬಾಳೆಹಣ್ಣು ಹಾರುತ್ತಿರುವಾಗ, ಧೂಳಿನಲ್ಲಿ ಲೆನ್ಸ್ ಬದಲಿಸುವ ಮಾತೇ ಇಲ್ಲ. 18-135 ಅಥವಾ ಫುಲ್ ಫ್ರೇಮ್‌ನ 24-105 ತರಹದ ಒಂದೇ ಜೂಮ್ ಹಾಕಿ ಬಿಡಿ, ಐಎಸ್ಒ ಏರಿದರೆ ಏರಲಿ. ಕಾಳುಕಾಳಾಗಿ ಬಂದ ಚಿತ್ರವನ್ನು ಸರಿಪಡಿಸಬಹುದು, ಅಲುಗಿದ ಮುಖವನ್ನು ಸರಿಪಡಿಸಲಾಗದು.

ಮದುವೆ ಕೆಲಸಕ್ಕೆ ಕೊಳ್ಳುವವರು

ಇಲ್ಲಿ ಬಾಡಿಯ ಗುಣಗಳಿಗೂ ನಿಜವಾದ ತೂಕ ಬರುತ್ತದೆ. ಮೊದಲನೆಯದು ಎರಡು ಕಾರ್ಡ್ ಸ್ಲಾಟ್. ತಾಳಿ ಕಟ್ಟುವ ಗಳಿಗೆ ಮತ್ತೆ ಬರುವುದಿಲ್ಲ. ಒಂದು ಕಾರ್ಡ್ ಕೈಕೊಟ್ಟರೆ ಇನ್ನೊಂದರಲ್ಲಿ ಇರಬೇಕು. ನಿಕಾನ್ ಝಡ್5, ಸೋನಿ ಎ7 III, ಕ್ಯಾನನ್ ಆರ್6, ಆರ್7ಗಳಲ್ಲಿ ಎರಡಿವೆ, ಬಾಡಿಯೊಳಗೇ ಸ್ಟೆಬಿಲೈಸೇಶನ್ ಕೂಡ ಇದೆ. ಕ್ಯಾನನ್ ಆರ್8 ಚಿತ್ರದಲ್ಲಿ ಚೆಲುವಾದರೂ ಸ್ಲಾಟ್ ಒಂದೇ, ಸ್ಟೆಬಿಲೈಸೇಶನ್ ಲೆನ್ಸಿನಲ್ಲಿರಬೇಕು. ಝಡ್5 ಫೋಟೋಗೆ ಬೆಲೆಗೆ ತಕ್ಕ ಬಾಡಿ, ಆದರೆ 4ಕೆ ವಿಡಿಯೋದಲ್ಲಿ 1.7 ಪಟ್ಟು ಕತ್ತರಿಸುತ್ತದೆ. ಸಣ್ಣ ಮಂಟಪದಲ್ಲಿ 24 ಮಿ.ಮೀ. ಲೆನ್ಸ್ 41ರಂತೆ ವರ್ತಿಸಿ ಅರ್ಧ ಬಳಗ ಚೌಕಟ್ಟಿನಾಚೆ ಉಳಿಯುತ್ತದೆ.

ಫ್ಲ್ಯಾಶ್ ಬಗ್ಗೆ ವಿಚಾರಿಸದೆ ಕೊಂಡು ಪೆಟ್ಟು ತಿನ್ನುವವರು ಬಹಳ. ಕ್ಯಾನನ್ 200ಡಿ ಮಾರ್ಕ್ II ಬಾಡಿಯ ಹಾಟ್ ಶೂನಲ್ಲಿ (ಮೇಲೆ ಫ್ಲ್ಯಾಶ್ ಕೂರಿಸುವ ಜಾಗ) ನಡುವಿನ ಪಿನ್ ಇಲ್ಲ, ಹಾಗಾಗಿ ಆ ಒಂದೇ ಪಿನ್ ನಂಬಿದ ಅಗ್ಗದ ಫ್ಲ್ಯಾಶ್‌ಗಳು ಹೊತ್ತುವುದೇ ಇಲ್ಲ. ಸೋನಿ ಝಡ್‌ವಿ-ಇ10 IIರಲ್ಲಿ ಮೆಕ್ಯಾನಿಕಲ್ ಶಟರ್ (ಸೆನ್ಸರ್ ಮುಂದೆ ತೆರೆದು ಮುಚ್ಚುವ ಪರದೆ) ಇಲ್ಲ, ಫ್ಲ್ಯಾಶ್ ಫೋಟೋಗೆ ಅದು ಬರುವುದಿಲ್ಲ. ವಿಡಿಯೋಗೆಂದು ಮಾಡಿದ ಬಾಡಿಯನ್ನು ಫೋಟೋ ಕೆಲಸಕ್ಕೆ ಕೊಳ್ಳುವ ಮೊದಲು ಇದನ್ನು ಕೇಳಿ.

ಹಾಲ್‌ಗಳ ಎಲ್ಇಡಿ ದೀಪದ ಕೆಳಗೆ ಚಿತ್ರದಲ್ಲಿ ಅಡ್ಡಪಟ್ಟಿ ಬಂದರೆ ಕ್ಯಾಮೆರಾ ಕೆಟ್ಟಿದೆ ಎಂದಲ್ಲ. ನಮ್ಮ ಕರೆಂಟ್ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಶಟರ್ 1/50 ಅಥವಾ 1/100ಕ್ಕೆ ಇಡಿ, ಮೆನುವಿನಲ್ಲಿ ಎನ್‌ಟಿಎಸ್‌ಸಿ ಬದಲು ಪಾಲ್ ಆರಿಸಿ ವಿಡಿಯೋ 25 ಫ್ರೇಮಿನಲ್ಲಿ ತೆಗೆಯಿರಿ, ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಬಳಸಿ.

ಮೆಗಾಪಿಕ್ಸೆಲ್‌ಗಾಗಿ ಹೆಚ್ಚು ದುಡ್ಡು ಕೊಡಬೇಡಿ. ಆಲ್ಬಮ್ಮಿನ 12×18 ಇಂಚಿನ ಹಾಳೆಗೆ 300 ಡಿಪಿಐನಲ್ಲಿ 5400×3600 ಪಿಕ್ಸೆಲ್ ಬೇಕು, ಅಂದರೆ 20 ಮೆಗಾಪಿಕ್ಸೆಲ್ ಒಳಗೆ. 24 ಸಾಕು. 100 ಮೆಗಾಬಿಟ್‌ನ 4ಕೆ ವಿಡಿಯೋ ಗಂಟೆಗೆ 45 ಜಿಬಿ ತಿನ್ನುತ್ತದೆ. ಅದಕ್ಕೆ ವಿ30 ಗುರುತಿನ ಕಾರ್ಡ್ ಸಾಕಾಗುತ್ತದೆ.

ಲೆನ್ಸಿನಲ್ಲಿ ಎಪಿಎಸ್-ಸಿಗೆ ಸಿಗ್ಮಾ 18-50 ಎಫ್/2.8 ಅಥವಾ ಟ್ಯಾಮ್ರಾನ್ 17-70 ಎಫ್/2.8, ಫುಲ್ ಫ್ರೇಮ್‌ಗೆ 24-70 ಎಫ್/2.8 ಮೊದಲು ಬರಲಿ. ಮುಖದ ಚಿತ್ರಗಳಿಗೆ 85 ಎಫ್/1.8 ಎರಡನೆಯದು.

ಬಿದ್ರಿ ಕೆಲಸದ ಫೋಟೋ

ಬಿದ್ರಿ ಸಾಮಾನು ಮಾರುವವರು ಈಗ ಫೋಟೋ ಕಳಿಸಿಯೇ ವ್ಯಾಪಾರ ಮಾಡಬೇಕು, ಹಾಗಾಗಿ ಇದನ್ನೂ ಹೇಳುವುದು ಒಳ್ಳೆಯದು. ಸತು-ತಾಮ್ರದ ಕರಿ ಮೈ ಬೆಳಕು ನುಂಗುತ್ತದೆ, ಬೆಳ್ಳಿ ಎಳೆ ಕನ್ನಡಿಯಂತೆ ಹೊಳೆಯುತ್ತದೆ. ಕಪ್ಪು ಹೆಚ್ಚಿರುವುದರಿಂದ ಕ್ಯಾಮೆರಾ ಮೋಸಹೋಗಿ ಚಿತ್ರ ಬಿಳಚುತ್ತದೆ, ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ. ಹೊಳಪು ತಗ್ಗಿಸಲು ಬಳಸುವ ಪೋಲರೈಸರ್ ಫಿಲ್ಟರ್ ಕೊಳ್ಳಬೇಡಿ, ಬರೀ ಲೋಹದ ಹೊಳಪನ್ನು ಅದೊಂದೇ ತಗ್ಗಿಸಲಾರದು. ಕಿಟಕಿಗೆ ಬಿಳಿ ಧೋತರ ಕಟ್ಟಿ ಬೆಳಕು ಮೆದುಮಾಡಿ. 90 ಅಥವಾ 100 ಮಿ.ಮೀ. ಮ್ಯಾಕ್ರೋ (ತೀರ ಹತ್ತಿರದಿಂದ ತೆಗೆಯುವ ಲೆನ್ಸ್) ಉತ್ತಮ, ಅಷ್ಟು ಹಣ ಇಲ್ಲದಿದ್ದರೆ 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಎಕ್ಸ್‌ಟೆನ್ಶನ್ ಟ್ಯೂಬ್ (ಲೆನ್ಸಿಗೂ ಬಾಡಿಗೂ ನಡುವೆ ಕೂರುವ ಗಾಜಿಲ್ಲದ ಕೊಳವೆ) ಹಾಕಿದರೆ ಸೆನ್ಸರ್ ಮೇಲೆ ವಸ್ತುವಿನ ಅರ್ಧ ಗಾತ್ರ ಸಿಗುತ್ತದೆ, ಎಪಿಎಸ್-ಸಿಯಲ್ಲಿ ಸುಮಾರು 4.7 ಸೆಂ.ಮೀ. ಅಗಲದ ಚಿತ್ತಾರ ಚೌಕಟ್ಟು ತುಂಬುತ್ತದೆ. ಟ್ಯೂಬ್‌ನಲ್ಲಿ ವಿದ್ಯುತ್ ಪಿನ್‌ಗಳು ಇರಲೇಬೇಕು. ಇಲ್ಲದಿದ್ದರೆ ಈಗಿನ ಲೆನ್ಸ್‌ಗಳ ಅಪರ್ಚರ್ (ಬೆಳಕು ಬಿಡುವ ಬಾಯಿ) ನಿಮ್ಮ ಮಾತು ಕೇಳದು.

ಮೌಂಟ್ ಎಂಬ ಕಟ್ಟುಪಾಡು

ಬಾಡಿಯಲ್ಲಿ ಲೆನ್ಸ್ ಕೂರುವ ಜೋಡಣೆಯೇ ಮೌಂಟ್. ಒಂದು ಮೌಂಟಿನ ಲೆನ್ಸ್ ಇನ್ನೊಂದಕ್ಕೆ ನೇರವಾಗಿ ಕೂರದು, ಹಾಗಾಗಿ ಬಾಡಿ ಕೊಂಡ ದಿನವೇ ಮುಂದಿನ ಎಲ್ಲ ಲೆನ್ಸ್‌ಗಳ ದಾರಿ ನಿಗದಿಯಾಗುತ್ತದೆ. ಕ್ಯಾನನ್, ನಿಕಾನ್ 2020ರ ನಂತರ ಹೊಸ ಡಿಎಸ್ಎಲ್ಆರ್ (ಒಳಗೆ ಕನ್ನಡಿ ಇರುವ ಹಳೆಯ ಬಗೆಯ ಕ್ಯಾಮೆರಾ) ಬಿಟ್ಟಿಲ್ಲ, ಹೊಸ ಲೆನ್ಸ್‌ಗಳು ಬರುವುದು ಕನ್ನಡಿ ಇಲ್ಲದ ಮಿರರ್‌ಲೆಸ್‌ಗೆ. ಕಲಿಯುವವರು ಸೆಕೆಂಡ್ ಹ್ಯಾಂಡ್ ಡಿಎಸ್ಎಲ್ಆರ್ ಕೊಂಡರೆ ತಪ್ಪಿಲ್ಲ, ಅಗ್ಗಕ್ಕೆ ಒಳ್ಳೆಯ ಲೆನ್ಸ್ ಸಿಗುತ್ತವೆ. ಆದರೆ ನಿಕಾನ್ ಡಿ3500, ಡಿ5600ಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಹಳೆಯ 50 ಎಫ್/1.8ಡಿ ಲೆನ್ಸ್ ಅವುಗಳ ಮೇಲೆ ಕೂತರೂ ಕೈಯಿಂದಲೇ ಫೋಕಸ್ ತಿರುಗಿಸಬೇಕು. ಲೆನ್ಸಿನೊಳಗೇ ಮೋಟಾರ್ ಇರುವ, ಎಎಫ್-ಎಸ್ ಅಥವಾ ಎಎಫ್-ಪಿ ಎಂದು ಬರೆದದ್ದನ್ನೇ ಕೊಳ್ಳಿ. ಎಫ್‌ಟಿಝಡ್ ಅಡಾಪ್ಟರ್ (ಹಳೆಯ ನಿಕಾನ್ ಲೆನ್ಸನ್ನು ಮಿರರ್‌ಲೆಸ್ ಝಡ್ ಬಾಡಿಗೆ ಕೂರಿಸುವ ಜೋಡಣೆ) ಹಾಕಿದರೂ ಆ ಡಿ ಲೆನ್ಸಿನದು ಅದೇ ಕಥೆ. ಕ್ಯಾನನ್ ಡಿಎಸ್ಎಲ್ಆರ್‌ಗಳ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಮಿರರ್‌ಲೆಸ್ ಆರ್ ಬಾಡಿಗಳಲ್ಲಿ ಆಟೋಫೋಕಸ್ ಸಮೇತ ಸಲೀಸಾಗಿ ನಡೆಯುತ್ತವೆ. ಸಿಗ್ಮಾ, ಟ್ಯಾಮ್ರಾನ್‌ಗಳ ಆಯ್ಕೆ ಸೋನಿ ಇ ಮೌಂಟ್‌ಗೆ ಮೊದಲಿನಿಂದಲೂ ಹೆಚ್ಚು; ಕ್ಯಾನನ್ ಆರ್‌ಎಫ್‌ಗೆ ಅವರ ಎಪಿಎಸ್-ಸಿ ಲೆನ್ಸ್‌ಗಳು ಬರತೊಡಗಿದ್ದು 2024ರಿಂದ.

ಸೆಕೆಂಡ್ ಹ್ಯಾಂಡ್ ನೋಡುವಾಗ

ಹೈದರಾಬಾದಿಗೋ ಸೋಲಾಪುರಕ್ಕೋ ಹೋಗುವುದಾದರೆ ಜೇಬಿನಲ್ಲಿ ಖಾಲಿ ಕಾರ್ಡ್, ಸಣ್ಣ ಟಾರ್ಚ್ ಇರಲಿ. ಲೆನ್ಸಿನ ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣ ಚಿತ್ರದಲ್ಲಿ ಕಾಣುವುದಿಲ್ಲ, ಬಿಡಿ. ಜೇಡರ ಬಲೆಯಂತಹ ಎಳೆ ಇದ್ದರೆ ಫಂಗಸ್, ಮಂಜು ಕವಿದಂತಿದ್ದರೆ ಹೇಜ್. ಎರಡನ್ನೂ ಅಲ್ಲೇ ಬಿಟ್ಟು ಬನ್ನಿ.

ಆಮೇಲೆ ಇಟ್ಟಿಗೆಯದೋ ಕಲ್ಲಿನದೋ ಗೋಡೆಗೆ ನೇರ ಎದುರಾಗಿ ನಿಂತು, ಅಪರ್ಚರ್ ಪೂರ್ತಿ ತೆರೆದು ಒಂದು ಚಿತ್ರ ತೆಗೆದು, ನಾಲ್ಕು ಮೂಲೆಗಳನ್ನೂ ಹಿಗ್ಗಿಸಿ ನೋಡಿ. ನಾಲ್ಕೂ ಒಂದೇ ಸಮ ತುಸು ಮೆತ್ತಗಿದ್ದರೆ ಅದು ಆ ಲೆನ್ಸಿನ ಸ್ವಭಾವ. ಒಂದೇ ಮೂಲೆ ಮಸುಕಾಗಿದ್ದರೆ ಲೆನ್ಸ್ ಬಿದ್ದು ಒಳಗಿನ ಗಾಜು ಓರೆಯಾಗಿರುವ ಸಾಧ್ಯತೆ ಹೆಚ್ಚು.

ಬಾಡಿ ನೋಡುವಾಗ: ಎಫ್/16ರಲ್ಲಿ ಫೋಕಸ್ ತಪ್ಪಿಸಿ ಆಕಾಶ ತೆಗೆಯಿರಿ. ಕಪ್ಪು ಚುಕ್ಕೆ ಕಂಡರೆ ಸೆನ್ಸರ್ ಮೇಲಿನ ಧೂಳು, ಒರೆಸಿದರೆ ಹೋಗುತ್ತದೆ, ಗೀರು ಹೋಗದು. ಶಟರ್ ಎಣಿಕೆ (ಈವರೆಗೆ ಶಟರ್ ಎಷ್ಟು ಸಲ ತೆರೆದು ಮುಚ್ಚಿದೆ ಎಂಬ ಲೆಕ್ಕ) ಕೇಳಿ. ಸಾಧಾರಣ ಬಾಡಿಗಳ ಶಟರ್ ಒಂದು ಲಕ್ಷದ ಆಸುಪಾಸು, ವೃತ್ತಿಪರ ಬಾಡಿಗಳದು ಎರಡು ಲಕ್ಷ, ಅದಕ್ಕೂ ಮೇಲೆ ಎಂದು ಲೆಕ್ಕ. ಸ್ಟುಡಿಯೋದಿಂದ ಬಂದ ಬಾಡಿಯಲ್ಲಿ ಇದನ್ನು ನೋಡದೆ ದುಡ್ಡು ಕೊಡಬೇಡಿ. ಬ್ಯಾಟರಿ ಉಬ್ಬಿದೆಯೇ, ಬಿಲ್ಲಿನ ಸೀರಿಯಲ್ ನಂಬರ್ ಬಾಡಿಯದಕ್ಕೆ ತಾಳೆಯಾಗುತ್ತದೆಯೇ ಪರೀಕ್ಷಿಸಿ. ಹೊಸತಾದರೂ ಜಿಎಸ್‌ಟಿ ಬಿಲ್, ಭಾರತದ ವಾರಂಟಿ ಕಾರ್ಡ್ ಎರಡೂ ಕೇಳಿ ಪಡೆಯಿರಿ.

ಮನೆಗೆ ತಂದ ಮೇಲೆ ಎಲ್ಲಿ ಇಡುತ್ತೀರಿ ಎಂಬುದೂ ಮುಖ್ಯ. ಬೇಸಿಗೆಯಲ್ಲಿ ನೀರಿನ ಕೂಲರ್ ಓಡುವ ಕೋಣೆಯಲ್ಲಿ ಕ್ಯಾಮೆರಾ ಬ್ಯಾಗ್ ಇಡಬೇಡಿ. ಹೊರಗೆ ಒಣಗಾಳಿ ಇದ್ದರೂ ಆ ಕೋಣೆಯ ತೇವ ಮಳೆಗಾಲದಷ್ಟಿರುತ್ತದೆ, ಫಂಗಸ್ಸಿಗೆ ಅಷ್ಟೇ ಬೇಕು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಬೇರೆ ಕೋಣೆಯಲ್ಲಿಡಿ, ಜೆಲ್ ಬಣ್ಣ ಬದಲಾಯಿಸಿದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿಮಾಡಿ, ಆರಿದ ಮೇಲೆ ಮತ್ತೆ ಹಾಕಿ. ಬಾಣಲೆ ಅಡುಗೆಯದಾಗದಿರಲಿ.