ಬಾದಾಮಿ ಪರ್ಫ್ಯೂಮ್ ತಗೋಬೇಕು: ಹಿಪ್ನಾಟಿಕ್ ಪಾಯ್ಸನ್ನಾ, ಲಾಸ್ಟ್ ಚೆರ್ರಿನಾ?

ಎರಡೂ ಸಿಹಿ, ಎರಡರಲ್ಲೂ ಬಾದಾಮಿ, ಯಾವ್ದಾದ್ರೇನು ಅಂತ ಅಂಗಡಿಲಿ ಪೇಪರ್ ಮೇಲೆ ಒಂದ್ಸಲ ಮೂಸಿ ತಗೊಂಡ್ಬಿಡಬೇಡಿ, ದುಡ್ಡು ಕಮ್ಮಿ ಅಲ್ಲ.

ಮೊದ್ಲು ಒಂದು ವಿಷ್ಯ ತಲೇಲಿರ್ಲಿ. ಪರ್ಫ್ಯೂಮಲ್ಲಿ ಬಾದಾಮಿ ಅನ್ನೋದು ನಾವು ಹಾಲಿಗೆ ಅರೆದು ಹಾಕೋ ಸಿಹಿ ಬಾದಾಮಿದಲ್ಲ, ಅದಕ್ಕೆ ಅಂಥ ಜೋರು ಘಮ ಇಲ್ಲ. ಇದು ಕಹಿ ಬಾದಾಮಿ ಘಮ, ಮುಖ್ಯವಾಗಿ ಬೆಂಜಾಲ್ಡಿಹೈಡ್ ಅನ್ನೋ ರಾಸಾಯನಿಕದ್ದು. ಚೆರ್ರಿ ಬೀಜದಿಂದ ಬರೋದೂ ಇದೇ, ಅದಕ್ಕೇ ಚೆರ್ರಿಗೂ ಬಾದಾಮಿಗೂ ಅಷ್ಟು ಚೆನ್ನಾಗಿ ಹೊಂದತ್ತೆ. ಆದ್ರೆ ಇದು ಬೇಗ ಹಾರಿ ಹೋಗೋ ವಸ್ತು, ಹೊಡ್ದ ತಕ್ಷಣ ನಿಮ್ಮನ್ನ ಮರುಳು ಮಾಡೋ ಬಾದಾಮಿ ಸಂಜೆವರೆಗೂ ಅದೇ ಥರ ಇರಲ್ಲ. ಹಾಗಾಗಿ ಮೊದಲ ಘಮ ಹಾರಿದ್ಮೇಲೆ ಮೈಮೇಲೆ ಏನು ಉಳಿಯತ್ತೆ ಅಂತ ನೋಡಿ ಆರಿಸಿ.

ಟಾಮ್ ಫೋರ್ಡ್ ಲಾಸ್ಟ್ ಚೆರ್ರಿ 2018ರದು. ಶುರುವಲ್ಲಿ ಮದ್ಯದಲ್ಲಿ ನೆನೆಸಿದ ಚೆರ್ರಿ ಥರ, ರಸ ಸುರಿಯೋ ಹಾಗಿರತ್ತೆ, ಆಮೇಲೆ ಟೊಂಕಾ (ವೆನಿಲಾ ಥರ ಸಿಹಿ ಘಮದ ಬೀಜ), ಪೆರು ಬಾಲ್ಸಮ್ (ಸಿಹಿ ಘಮದ ಮರದ ಅಂಟು), ಮರದ ಘಮದ ಕಡೆ ಇಳಿಯತ್ತೆ. ಮೊದಲರ್ಧ ಗಂಟೆ ನಿಜವಾಗ್ಲೂ ಅದ್ಭುತ, ಆದ್ರೆ ಇಷ್ಟು ರೇಟಿಗೆ ಬೇಗ ಇಳಿದ್ಹೋಗತ್ತೆ ಅಂತ ತುಂಬ ಜನ ಬೇಜಾರು ಮಾಡ್ಕೊತಾರೆ, ನನ್ನ ಕೈ ಮೇಲೂ ಹಾಗೇ ಆಯ್ತು.

ಡಿಯೋರ್ ಹಿಪ್ನಾಟಿಕ್ ಪಾಯ್ಸನ್ 1998ರದು, ಮಾಡಿದ್ದು ಆನಿಕ್ ಮೆನಾರ್ಡೊ, ಕೆಂಪು ಸೇಬಿನ ಆಕಾರದ ಬಾಟ್ಲಿ. ಇಲ್ಲಿ ಹಣ್ಣಿನ ರಸ ಇಲ್ಲ, ಬಾದಾಮಿ ಒಣಗಿ ಪೌಡರ್ ಥರ, ಜೊತೆಗೆ ವೆನಿಲಾ, ಒಂಚೂರು ಮಸಾಲೆ ಕಾಳಿನ ಖಾರ, ಮಲ್ಲಿಗೆ. ಆ ಮಲ್ಲಿಗೆ ಜಾಸ್ಮಿನ್ ಸಂಬಾಕ್, ನಮ್ಮ ಉಡುಪಿ ಮಲ್ಲಿಗೆನೂ ಅದೇ ಜಾತಿ, ಮುಡಿದು ಅಭ್ಯಾಸ ಇರೋರಿಗೆ ಇದು ಬೇಗ ಹತ್ರ ಆಗತ್ತೆ. ತಗೊಳೋವಾಗ ಬಾಟ್ಲಿ ಮೇಲೆ ಇಡಿಟಿನಾ (ಓ ಡಿ ಟಾಯ್ಲೆಟ್) ಇಡಿಪಿನಾ (ಓ ಡಿ ಪರ್ಫ್ಯೂಮ್) ನೋಡ್ಕೊಳಿ, ಎರಡೂ ಬೇರೆ ವಾಸನೆ, ನಾನು ಹೇಳ್ತಿರೋದು ಇಡಿಟಿ.

ಈಗ ಟೆಸ್ಟ್ ಮಾಡೋದು ಹೇಗೆ ಅಂದ್ರೆ, ಎಡಗೈಗೆ ಒಂದು, ಬಲಗೈಗೆ ಇನ್ನೊಂದು, ಒಂದೊಂದೇ ಸ್ಪ್ರೇ, ಉಜ್ಜಬೇಡಿ, ಅಂಗಡಿಯಿಂದ ಆಚೆ ಬಂದು ಊಟ ಗೀಟ ಮಾಡಿ, ಬಿಸ್ಲಲ್ಲಿ ಸ್ವಲ್ಪ ಓಡಾಡಿ, ಮೂರು ಗಂಟೆ ಬಿಟ್ಟು ಮೂಸಿ. ಬೇಸಿಗೆ ಸೆಕೆಗೆ ಸಿಹಿ ಇನ್ನೂ ಜೋರಾಗತ್ತೆ, ತಲೆನೋವು ಬರೋ ಹಾಗಿದ್ರೆ ಅವಾಗ್ಲೇ ಗೊತ್ತಾಗ್ಬಿಡತ್ತೆ. ಬಸ್ಸಲ್ಲಿ ಪಕ್ಕ ಕೂತೋರ ಬಗ್ಗೆನೂ ಒಂಚೂರು ಯೋಚ್ನೆ ಮಾಡಿ, ಹಿಪ್ನಾಟಿಕ್ ಪಾಯ್ಸನ್ ಎರಡು ಸ್ಪ್ರೇ ಮೇಲೆ ಬೇಡ.

ಹಣ್ಣಿನ ಆ ಮೊದಲ ಹೊಡೆತವೇ ಬೇಕು, ಮಧ್ಯೆ ಮತ್ತೆ ಹೊಡ್ಕೊಳಕ್ಕೆ ಬೇಜಾರಿಲ್ಲ ಅಂದ್ರೆ ಲಾಸ್ಟ್ ಚೆರ್ರಿ, ಅದನ್ನೂ ಚಿಕ್ಕ ಡಿಕ್ಯಾಂಟ್ (ದೊಡ್ಡ ಬಾಟ್ಲಿಯಿಂದ ಪುಟ್ಟ ಶೀಶೆಗೆ ತುಂಬಿ ಮಾರೋದು) ತಗೊಂಡು ಒಂದು ವಾರ ಹಾಕಿ ನೋಡಿ. ರಾತ್ರಿ ಸೀರೆ ಮಡಚೋವಾಗ ಸೆರಗಲ್ಲಿ ಇನ್ನೂ ಘಮ ಇರ್ಬೇಕು ಅಂದ್ರೆ ಹಿಪ್ನಾಟಿಕ್ ಪಾಯ್ಸನ್, ನನ್ನ ಓಟು ಇದಕ್ಕೇ.